ವೇಗ ಏರಿದಾಗ ಬೈಕ್ ಎಳೆಯುವುದಿಲ್ಲವೇ? ದೋಷ ಹುಡುಕುವ ಕ್ರಮ

ಗಾಡಿ ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ಐಡಲ್‌ನಲ್ಲಿ ನೆಟ್ಟಗೆ ನಿಲ್ಲುತ್ತದೆ, ನಿಧಾನವಾಗಿ ಓಡಿಸುವಷ್ಟು ಹೊತ್ತೂ ಯಾವ ತಕರಾರೂ ಇಲ್ಲ. ಆದರೆ ತೆರೆದ ರಸ್ತೆಗೆ ಬಂದು ಎಕ್ಸಲರೇಟರ್ ತಿರುಗಿಸಿದರೆ ಒಂದು ವೇಗದಿಂದಾಚೆಗೆ ಎಳೆಯುವುದೇ ಇಲ್ಲ. ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಪ್ರಶ್ನೆಯ ಹಿಂದೆಯೇ ಬರುವ ಪಟ್ಟಿಯೂ ಹೆಚ್ಚುಕಡಿಮೆ ಒಂದೇ ಬಗೆಯದು: ಪ್ಲಗ್ ಹೊಸದು ಹಾಕಿಸಿದ್ದಾಯಿತು, ಏರ್ ಫಿಲ್ಟರ್ ಬದಲಿಸಿದ್ದಾಯಿತು, ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಭಾಗ) ಬಿಚ್ಚಿ ಮೂರು ಸಲ ತೊಳೆದದ್ದಾಯಿತು, ಗುಣ ಮಾತ್ರ ಕಾಣಲಿಲ್ಲ. ಕಾಯಿಲೆ ಯಾವುದೆಂದು ಗೊತ್ತಾಗುವ ಮೊದಲೇ ಔಷಧಿ ಕೊಟ್ಟರೆ ಹೀಗೇ ಆಗುವುದು. ಈ ದೋಷಕ್ಕೆ ಹತ್ತಾರು ಕಾರಣಗಳಿರುವುದು ನಿಜ. ಆದರೆ ಗಾಡಿ ಯಾವಾಗ, ಯಾವ ರೀತಿಯಲ್ಲಿ ಸೋಲುತ್ತದೆ ಎಂಬುದನ್ನು ಸರಿಯಾಗಿ ಗಮನಿಸಿದರೆ ಆ ಹತ್ತಾರರಲ್ಲಿ ಬಹುಪಾಲನ್ನು ಒಂದು ಸ್ಪ್ಯಾನರ್ ಕೂಡ ಹಿಡಿಯದೆ ಕೈಬಿಡಬಹುದು.

ಮೊದಲು ಒಂದು ಲೆಕ್ಕ. ವೇಗವಾಗಿ ಹೋಗುವಾಗ ಇಂಜಿನ್ ಮುಖ್ಯವಾಗಿ ದುಡಿಯುವುದು ಗಾಳಿಯನ್ನು ಸೀಳಿಕೊಂಡು ಹೋಗುವುದಕ್ಕೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆ ತಡೆಯನ್ನು ಮೀರಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಳಿಗೆಂದು ಖರ್ಚಾಗುವ ಶಕ್ತಿಗೆ ಹೋಲಿಸಿದರೆ 80ರಲ್ಲಿ ಸುಮಾರು 2.4 ಪಟ್ಟು, 100ರಲ್ಲಿ ಸುಮಾರು 4.6 ಪಟ್ಟು ಬೇಕು. ಆದ್ದರಿಂದ ಇಂಜಿನ್‌ನ ಶಕ್ತಿಯಲ್ಲಿ ಮೂರನೇ ಒಂದು ಭಾಗ ಕುಸಿದಿದ್ದರೂ 50–60ರವರೆಗೆ ಸವಾರನಿಗೆ ಅದು ಅರಿವಿಗೇ ಬಾರದಿರಬಹುದು. ‘ನಿಧಾನವಾಗಿ ಹೋಗುವಾಗ ಚೆನ್ನಾಗಿಯೇ ಇದೆಯಲ್ಲ, ಹಾಗಾದರೆ ಇಂಜಿನ್ ಸರಿಯಾಗಿದೆ’ ಎಂಬ ತೀರ್ಮಾನ ತಪ್ಪಾಗುವುದು ಇದರಿಂದಲೇ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ನಿಮ್ಮ ಗಾಡಿಯ ಸರ್ವಿಸ್ ಕೈಪಿಡಿ, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್ (ಕೂದಲೆಳೆಯಷ್ಟು ಸಂದನ್ನು ಅಳೆಯುವ ತೆಳು ತಗಡುಗಳ ಗೊಂಚಲು), ಮಲ್ಟಿಮೀಟರ್, ಅಳತೆಯ ಗುರುತಿರುವ ಬಾಟಲಿ, ಟಾರ್ಚ್, ಒಂದು ನೋಟ್‌ಬುಕ್. ಕಂಪ್ರೆಶನ್ ಗೇಜ್ (ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡವನ್ನು ಅಳೆಯುವ ಮೀಟರ್) ಕೊನೆಯಲ್ಲಿ ಬೇಕಾಗಬಹುದು; ಅದನ್ನು ಎರವಲು ತಂದರೂ ಸಾಕು. ಈ ಲೇಖನದಲ್ಲಿ ಕೊಟ್ಟಿರುವ ಅಳತೆಗಳು ಸಾಮಾನ್ಯವಾಗಿ ಕಾಣುವಂಥವು. ನಿಮ್ಮ ಕೈಪಿಡಿಯ ಅಳತೆ ಬೇರೆಯಾಗಿದ್ದರೆ ಕೈಪಿಡಿಯದೇ ಸರಿ.

ಎಚ್ಚರಿಕೆಯ ಮಾತು ಎರಡೇ. ಪರೀಕ್ಷೆಗೆಂದು ಗಾಡಿ ಓಡಿಸುವಾಗ ಹೆಲ್ಮೆಟ್, ಕೈಗವಸು ಧರಿಸಿ, ವಾಹನ ಸಂಚಾರವಿಲ್ಲದ ನೇರ ರಸ್ತೆಯನ್ನು ಆರಿಸಿಕೊಳ್ಳಿ ಮತ್ತು ವೇಗಮಿತಿಯನ್ನು ದಾಟಬೇಡಿ. ಇಂಜಿನ್ ಮೇಲೆ ಭಾರ ಬೀಳಿಸಲು ಮೇಲಿನ ಗೇರಿನಲ್ಲಿ ಏರುದಾರಿ ಹತ್ತಿಸಿದರೆ ಸಾಕು, ಮೀಟರಿನ ಮುಳ್ಳನ್ನು ಕೊನೆಗೆ ಮುಟ್ಟಿಸಬೇಕಾಗಿಲ್ಲ. ಪೆಟ್ರೋಲ್ ಬಿಚ್ಚುವ ಯಾವ ಕೆಲಸವನ್ನೂ ಬಿಸಿ ಇಂಜಿನ್‌ನ ಮೇಲೆ ಮಾಡಬೇಡಿ, ಮುಚ್ಚಿದ ಕೋಣೆಯಲ್ಲಂತೂ ಇಂಜಿನ್ ಓಡಿಸಲೇಬೇಡಿ.

ಹಂತ 1: ದೋಷದ ಚಹರೆ ಗುರುತಿಸಿ

ಎಕ್ಸಲರೇಟರ್ ಹಿಡಿಯ ಪಕ್ಕದ ಸ್ವಿಚ್ ಪೆಟ್ಟಿಗೆಯ ಮೇಲೆ ಕಾಗದದ ಅಂಟುಪಟ್ಟಿ ಅಂಟಿಸಿ ಶೂನ್ಯ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಐದು ಗೆರೆ ಎಳೆಯಿರಿ. ಹಿಡಿಯ ಮೇಲೆ ಒಂದು ಗೆರೆ ಸಾಕು. ಈಗ ಥ್ರಾಟಲ್, ಅಂದರೆ ಇಂಜಿನ್‌ಗೆ ಗಾಳಿ ಹೋಗುವ ದಾರಿಯ ಕದ, ಎಷ್ಟು ತೆರೆದಿದೆ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ. ಈ ಐದು ಗೆರೆಗಳಷ್ಟು ಉಪಕಾರಿಯಾದ ಉಪಕರಣ ಇನ್ನೊಂದಿಲ್ಲ ಎಂಬುದು ನನ್ನ ಅನುಭವ. ಬಳಿಕ ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ.

ಮೊದಲನೆಯದು: ಇಂಜಿನ್ ಸುತ್ತು ಏರುತ್ತಿದೆಯೇ, ವೇಗ ಮಾತ್ರ ಏರುತ್ತಿಲ್ಲವೇ? ಆರ್‌ಪಿಎಂ, ಅಂದರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳ ಸಂಖ್ಯೆ, ಏರಿ ಇಂಜಿನ್ ಕಿರುಚುತ್ತಿದ್ದರೂ ಗಾಡಿ ಮುಂದಕ್ಕೆ ನುಗ್ಗದಿದ್ದರೆ ಇಂಜಿನ್ ಆರೋಗ್ಯವಾಗಿಯೇ ಇದೆ; ಅದರ ಶಕ್ತಿ ಚಕ್ರಕ್ಕೆ ತಲುಪುತ್ತಿಲ್ಲ. ನೇರವಾಗಿ ಹಂತ 3ಕ್ಕೆ ಹೋಗಿ.

ಎರಡನೆಯದು: ಎಲ್ಲ ಗೇರುಗಳಲ್ಲೂ ಒಂದೇ ಆರ್‌ಪಿಎಂನಲ್ಲಿ ಸೋಲುತ್ತದೆಯೇ? ಎರಡನೇ ಗೇರಿನಲ್ಲಿ 6,000ಕ್ಕೆ ತಡೆದು ನಿಂತದ್ದು ಮೂರನೆಯದರಲ್ಲೂ ನಾಲ್ಕನೆಯದರಲ್ಲೂ 6,000ಕ್ಕೇ ನಿಂತರೆ ಅನುಮಾನವನ್ನು ಇಗ್ನಿಷನ್ (ಕಿಡಿ ಹುಟ್ಟಿಸುವ ವ್ಯವಸ್ಥೆ), ವಾಲ್ವ್ (ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಬಿಡುವ ಕದ) ಅಥವಾ ಕಾರ್ಬ್ಯುರೇಟರಿನ ಡಯಾಫ್ರಾಮ್ (ತೆಳು ರಬ್ಬರ್ ಪೊರೆ) ಕಡೆಗೆ ತಿರುಗಿಸಿ. ನಿಮ್ಮ ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲದಿದ್ದರೆ ಪ್ರತಿ ಗೇರಿನಲ್ಲೂ ಸೋಲುವ ವೇಗವನ್ನು ಬರೆದುಕೊಳ್ಳಿ. ಗೇರಿನಿಂದ ಗೇರಿಗೆ ಆ ವೇಗ ಏರುತ್ತಾ ಹೋದರೆ, ಮತ್ತು ಸೋಲುವ ಹೊತ್ತಿನ ಇಂಜಿನ್ ಸದ್ದು ಪ್ರತಿ ಗೇರಿನಲ್ಲೂ ಒಂದೇ ಶ್ರುತಿಯಲ್ಲಿದ್ದರೆ, ದೋಷ ಆರ್‌ಪಿಎಂಗೆ ಕಟ್ಟಿಕೊಂಡದ್ದು.

ಮೂರನೆಯದು: ಹಿಡಿಯ ಒಂದು ನಿರ್ದಿಷ್ಟ ಗೆರೆ ದಾಟಿದ ಮೇಲೆ ಮಾತ್ರ ಸೋಲುತ್ತದೆಯೇ? ಮುಕ್ಕಾಲಿನವರೆಗೆ ಸರಿಯಾಗಿದ್ದು ಪೂರ್ತಿ ತೆರೆದೊಡನೆ ಗಾಡಿ ಮುಗ್ಗರಿಸಿದರೆ, ಮತ್ತೆ ಸ್ವಲ್ಪ ಹಿಂದಕ್ಕೆ ತಂದರೆ ಚೇತರಿಸಿಕೊಂಡರೆ, ಅದು ಇಂಧನ ಮತ್ತು ಗಾಳಿಯ ಮಿಶ್ರಣ ಕೆಟ್ಟಿರುವುದರ ಲಕ್ಷಣ.

ನಾಲ್ಕನೆಯದು: ಹೊತ್ತು ಕಳೆದ ಮೇಲೆ ಬರುತ್ತದೆಯೇ? ಮೊದಲ ಐದಾರು ನಿಮಿಷ ಚೆನ್ನಾಗಿ ಓಡಿ, ಆಮೇಲೆ ನಿಧಾನಕ್ಕೆ ಬತ್ತಿ, ಒಂದೆರಡು ನಿಮಿಷ ನಿಲ್ಲಿಸಿದರೆ ಮತ್ತೆ ಸರಿಹೋಗುವ ಗಾಡಿಗೆ ಪೆಟ್ರೋಲ್ ಸಾಲುತ್ತಿಲ್ಲ. ಬಿಸಿಯಾದ ಮೇಲೆ ಕೈಕೊಟ್ಟು, ಪೂರ್ತಿ ತಣ್ಣಗಾಗುವವರೆಗೆ ಚೇತರಿಸಿಕೊಳ್ಳದೆ ಹೋದರೆ ಇಗ್ನಿಷನ್ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿ) ಅಥವಾ ಪಲ್ಸರ್ ಕಾಯಿಲ್ (ಕಿಡಿ ಯಾವಾಗ ಹಾರಬೇಕೆಂದು ಸಂಕೇತ ಕೊಡುವ ಸುರುಳಿ) ಅನುಮಾನಾಸ್ಪದ.

ಸೋಲುವ ರೀತಿಯನ್ನೂ ಬರೆದುಕೊಳ್ಳಿ. ಪಟಪಟನೆ ಮಿಸ್ಸಿಂಗ್ ಹೊಡೆಯುವುದು ಒಂದು ಬಗೆ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ಸದ್ದಿಲ್ಲದೆ ಬಾಡುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಹೆಚ್ಚಾಗಿ ಕಿಡಿಯ ಕೈವಾಡ, ಎರಡನೆಯದರಲ್ಲಿ ಹೆಚ್ಚಾಗಿ ಪೆಟ್ರೋಲ್ ಕೊರತೆ ಅಥವಾ ಉಸಿರುಕಟ್ಟಿದ ಸೈಲೆನ್ಸರ್.

ಹಂತ 2: ಖರ್ಚಿಲ್ಲದ ತಪಾಸಣೆಗಳು

ಹಿಡಿಯನ್ನು ಪೂರ್ತಿ ತಿರುಗಿಸಿದಾಗ ಥ್ರಾಟಲ್ ನಿಜವಾಗಿಯೂ ಪೂರ್ತಿ ತೆರೆಯುತ್ತದೆಯೇ? ಕೇಬಲ್ ಸಡಿಲವಾಗಿದ್ದರೆ ಅಥವಾ ಬದಲಿಸಿದ ಕೇಬಲಿನ ಉದ್ದ ಬೇರೆಯಾಗಿದ್ದರೆ ಕೈ ಪೂರ್ತಿ ತಿರುಗಿದರೂ ಕದ ಮುಕ್ಕಾಲಷ್ಟೇ ತೆರೆದಿರುತ್ತದೆ. ಇಂಜಿನ್ ಬಂದ್ ಮಾಡಿ, ಏರ್ ಫಿಲ್ಟರ್ ಕಡೆಯ ರಬ್ಬರ್ ಕೊಳವೆ ಸರಿಸಿ, ಒಬ್ಬರು ಹಿಡಿ ತಿರುಗಿಸುವಾಗ ಇನ್ನೊಬ್ಬರು ಟಾರ್ಚ್ ಬಿಟ್ಟು ನೋಡಬೇಕು. ಡಯಾಫ್ರಾಮ್ ಇರುವ ಕಾರ್ಬ್ಯುರೇಟರಿನಲ್ಲಿ ಎದುರಿಗೆ ಕಾಣುವ ಸ್ಲೈಡ್ (ಮೇಲೆ ಕೆಳಗೆ ಜಾರುವ ಕದ) ಹಿಡಿಯ ಜೊತೆಗೆ ಏಳುವುದಿಲ್ಲ. ಅಲ್ಲಿ ನೋಡಬೇಕಾದದ್ದು ಹೊರಗೆ ಕೇಬಲ್ ಕಟ್ಟಿರುವ ತಿರುಗುಚಕ್ರ ತನ್ನ ಕೊನೆಯ ತಡೆಗೆ ತಾಗುತ್ತದೆಯೇ ಎಂಬುದನ್ನು. ಚೋಕ್ ಪೂರ್ತಿ ಹಿಂದಕ್ಕೆ ಬಂದಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ಖಚಿತಪಡಿಸಿಕೊಳ್ಳಿ.

ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಎರಡೂ ಚಕ್ರಗಳನ್ನು ಕೈಯಿಂದ ತಿರುಗಿಸಿ. ಬ್ರೇಕ್ ಹಿಡಿದುಕೊಂಡಿದ್ದರೆ ಚಕ್ರ ಕೈಬಿಟ್ಟೊಡನೆ ನಿಲ್ಲುತ್ತದೆ. ಡಿಸ್ಕ್ ಪ್ಯಾಡ್‌ಗಳ ಸವರುವಿಕೆಯ ಸಣ್ಣ ಸದ್ದು ಇರುವುದು ಸಹಜ; ಒಂದೆರಡು ಸುತ್ತಾದರೂ ಬಾರದಿದ್ದರೆ ಅದು ಸಹಜವಲ್ಲ. ಟೈರಿನ ಗಾಳಿ, ಚೈನಿನ ಸಡಿಲ (ಸಾಮಾನ್ಯವಾಗಿ 25–35 ಮಿ.ಮೀ.), ಇಂಜಿನ್ ಆಯಿಲ್ ಮಟ್ಟ ನೋಡಿ. ಆಯಿಲ್ ಕಡಿಮೆಯಾದರೆ ಅಪಾಯ ಎಂದು ಎಲ್ಲರಿಗೂ ಗೊತ್ತು, ಹೆಚ್ಚಾದರೂ ಕ್ರ್ಯಾಂಕ್ ಅದನ್ನು ಕಲಕುತ್ತಾ ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಹಂತ 3: ಕ್ಲಚ್ ಜಾರುತ್ತಿದೆಯೇ

ಮೇಲಿನ ಗೇರಿನಲ್ಲಿ ಮಧ್ಯಮ ವೇಗದಲ್ಲಿ ಹೋಗುತ್ತಾ ಎಕ್ಸಲರೇಟರನ್ನು ಒಮ್ಮೆಲೇ ಪೂರ್ತಿ ತಿರುಗಿಸಿ. ಇಂಜಿನ್ ಸದ್ದು ಒಮ್ಮೆಗೇ ಮೇಲಕ್ಕೆ ಹಾರಿ, ವೇಗ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಕೆಳಗಿನ ಗೇರುಗಳಲ್ಲಿ ಈ ಜಾರಿಕೆ ಕಾಣದಿರಬಹುದು, ಮೇಲಿನ ಗೇರಿನಲ್ಲೇ ಪರೀಕ್ಷಿಸಬೇಕು.

ಪ್ಲೇಟು ಸವೆದಿದೆ ಎಂದು ತೀರ್ಮಾನಿಸುವ ಮೊದಲು ಎರಡು ಸಂಗತಿ ನೋಡಿ. ಕ್ಲಚ್ ಲಿವರಿನ ತುದಿಯಲ್ಲಿ 10–20 ಮಿ.ಮೀ. ಸಡಿಲ ಇರಬೇಕು, ಕೇಬಲ್ ಬಿಗಿಯಾಗಿದ್ದರೆ ಯಾರೋ ಸದಾ ಕ್ಲಚ್ ಅರೆಬರೆ ಹಿಡಿದಂತೆಯೇ ಸರಿ. ಇನ್ನೊಂದು, ಇತ್ತೀಚೆಗೆ ಆಯಿಲ್ ಬದಲಿಸಿದ್ದರೆ ಅದರ ಡಬ್ಬಿಯ ಮೇಲೆ ಏನು ಬರೆದಿದೆ ಎಂಬುದು. ಬಹುಪಾಲು ಬೈಕುಗಳಲ್ಲಿ ಕ್ಲಚ್ ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಕಾರಿಗೆಂದು ತಯಾರಾದ ಕೆಲವು ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕ ಇರುತ್ತದೆ, ಅದು ಕ್ಲಚ್ ಪ್ಲೇಟುಗಳನ್ನೂ ಜಾರಿಸುತ್ತದೆ. ಇದಕ್ಕೆಂದೇ 1998ರಿಂದ ಜಾಸೋ ಎಂಬ ಜಪಾನಿ ಗುಣಮಟ್ಟ ಜಾರಿಯಲ್ಲಿದೆ: ಡಬ್ಬಿಯ ಮೇಲೆ ‘ಎಂಎ’ ಎಂದಿದ್ದರೆ ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಸೂಕ್ತ, ‘ಎಂಬಿ’ ಎಂದಿದ್ದರೆ ಅಲ್ಲ.

ಹಂತ 4: ಪೆಟ್ರೋಲ್ ಸಾಕಷ್ಟು ಇಳಿಯುತ್ತಿದೆಯೇ

ನಾಲ್ಕನೇ ಪ್ರಶ್ನೆಗೆ ‘ಹೌದು’ ಎಂದವರು ಇಲ್ಲಿಂದ ಶುರುಮಾಡಬೇಕು. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಅದರ ಜಾಗಕ್ಕೆ ಗಾಳಿ ಒಳಗೆ ಬರಬೇಕು. ಆ ಗಾಳಿ ಬರುವುದು ಟ್ಯಾಂಕ್ ಮುಚ್ಚಳದ ಸಣ್ಣ ರಂಧ್ರದಿಂದ ಅಥವಾ ಟ್ಯಾಂಕಿನ ಉಸಿರುಕೊಳವೆಯಿಂದ. ಧೂಳು, ತುಕ್ಕು ಸೇರಿ ಅದು ಮುಚ್ಚಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಕಟ್ಟಿಕೊಂಡು ಪೆಟ್ರೋಲ್ ಇಳಿಯುವುದು ಕ್ರಮೇಣ ನಿಂತುಹೋಗುತ್ತದೆ. ನಿಧಾನವಾಗಿ ಓಡಿಸುವಾಗ ಇಳಿದಷ್ಟೇ ಸಾಕಾಗುತ್ತದೆ, ವೇಗದಲ್ಲಿ ಸಾಲುವುದಿಲ್ಲ. ಇಂಥ ಒಂದು ಗಾಡಿಯ ಕಾರ್ಬ್ಯುರೇಟರನ್ನು ನಾನೇ ಎರಡು ಭಾನುವಾರ ಬಿಚ್ಚಿ ಜೋಡಿಸಿದ್ದೇನೆ. ಮೂರನೆಯ ಭಾನುವಾರ, ರಸ್ತೆ ಬದಿಯಲ್ಲಿ ನಿಂತು ಪೆಟ್ರೋಲ್ ಎಷ್ಟಿದೆ ನೋಡೋಣವೆಂದು ಮುಚ್ಚಳ ತೆರೆದಾಗ ‘ಸುಸ್ಸ್’ ಎಂದು ಗಾಳಿ ಒಳನುಗ್ಗಿತು, ಗಾಡಿ ಮೊದಲಿನಂತೆ ಓಡಿತು. ಗಾಡಿ ಸೋತ ಕ್ಷಣದಲ್ಲೇ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಮುಚ್ಚಳ ತೆರೆದು ಕಿವಿಗೊಡಿ. ಸದ್ದು ಕೇಳಿಸಿ, ಗಾಡಿ ತಕ್ಷಣ ಚೇತರಿಸಿಕೊಂಡರೆ ನಿಮ್ಮ ಹುಡುಕಾಟ ಅಲ್ಲಿಗೆ ಮುಗಿಯಿತು. ಆದರೆ ಮುಚ್ಚಳ ಸಡಿಲ ಬಿಟ್ಟುಕೊಂಡು ಓಡಿಸಿ ಪರೀಕ್ಷಿಸುವ ಸಾಹಸ ಬೇಡ. ತುಳುಕಿದ ಪೆಟ್ರೋಲ್ ಬಿಸಿ ಇಂಜಿನ್ ಮೇಲೆ ಬೀಳುತ್ತದೆ.

ಮುಚ್ಚಳದಲ್ಲಿ ದೋಷವಿಲ್ಲದಿದ್ದರೆ ಹರಿವನ್ನು ಅಳೆಯಿರಿ. ಕಾರ್ಬ್ಯುರೇಟರ್ ಕಡೆಯ ಪೆಟ್ರೋಲ್ ಪೈಪ್ ಕಳಚಿ ಬಾಟಲಿಗೆ ಬಿಟ್ಟು, ಕಾಕ್ (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ) ತೆರೆದು, ಒಂದು ನಿಮಿಷ ಹಿಡಿಯಿರಿ. ಎಷ್ಟು ಬರಬೇಕು? ಸುಮಾರು 13 ಅಶ್ವಶಕ್ತಿ, ಅಂದರೆ 10 ಕಿಲೋವ್ಯಾಟ್ ಕೊಡುವ ಇಂಜಿನ್ ಪೂರ್ತಿ ಭಾರದಲ್ಲಿ ಗಂಟೆಗೆ ಮೂರೂವರೆ ಕಿಲೋ ಆಸುಪಾಸು ಪೆಟ್ರೋಲ್ ಸುಡುತ್ತದೆ. ಲೀಟರಿನ ಲೆಕ್ಕದಲ್ಲಿ ಸುಮಾರು 4.7, ನಿಮಿಷಕ್ಕೆ 80 ಮಿ.ಲೀ. ಹತ್ತಿರ. ಕಾಕ್‌ನಿಂದ ಬರುವುದು ಇದರ ಎರಡು ಪಟ್ಟಿಗಿಂತ ಹೆಚ್ಚಿರಲಿ, ಅಂದರೆ 200 ಮಿ.ಲೀ. ಬಂದರೆ ನಿಶ್ಚಿಂತೆ. ಮೊದಲ ಹತ್ತು ಸೆಕೆಂಡು ಧಾರೆ ಜೋರಾಗಿದ್ದು ಬಳಿಕ ಹನಿಯತೊಡಗಿದರೆ ಟ್ಯಾಂಕಿನೊಳಗಿನ ಜಾಲರಿಯ ಸುತ್ತ ಕಸ ಕವಿದಿದೆ. ಕೆಲವು ಗಾಡಿಗಳ ಕಾಕ್ ಇಂಜಿನ್‌ನ ಎಳೆತದಿಂದ ತೆರೆದುಕೊಳ್ಳುವಂಥದ್ದು. ಅದರಲ್ಲಿ ಇಂಜಿನ್ ನಿಂತಿದ್ದಾಗ ಪೆಟ್ರೋಲ್ ಬರುವುದೇ ಇಲ್ಲ. ಅದನ್ನು ದೋಷವೆಂದು ತಿಳಿಯಬೇಡಿ. ಅದಕ್ಕೆ ಹೋಗುವ ಸಣ್ಣ ಎಳೆತದ ಕೊಳವೆ ಬಿರುಕು ಬಿಟ್ಟಿದ್ದರೆ ಮಾತ್ರ ಈಗಿನ ತೊಂದರೆಗೆ ಅದೇ ಕಾರಣವಾಗಬಹುದು.

ಇಂಜೆಕ್ಷನ್ ಗಾಡಿಗಳಲ್ಲಿ, ಅಂದರೆ ಕಾರ್ಬ್ಯುರೇಟರಿನ ಬದಲು ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಗಾಡಿಗಳಲ್ಲಿ, ಈ ಕೆಲಸ ಟ್ಯಾಂಕಿನೊಳಗಿನ ಪಂಪಿನದು. ಅದು ಸಾಮಾನ್ಯವಾಗಿ 3 ಬಾರ್ ಆಸುಪಾಸಿನ ಒತ್ತಡ ಕೊಡಬೇಕು. ಪಂಪಿನ ಬುಡದ ಜಾಲರಿ ಕಟ್ಟಿಕೊಂಡರೆ ಐಡಲ್‌ನಲ್ಲಿ ಒತ್ತಡ ಸರಿಯಾಗಿಯೇ ತೋರಿ, ಭಾರ ಬಿದ್ದಾಗ ಕುಸಿಯುತ್ತದೆ. ಆದ್ದರಿಂದ ಒತ್ತಡವನ್ನು ಎಕ್ಸಲರೇಟರ್ ತಿರುಗಿಸುತ್ತಾ ಅಳೆಯಬೇಕು. ಆ ಪೈಪಿನಲ್ಲಿ ಇಂಜಿನ್ ನಿಂತ ಮೇಲೂ ಒತ್ತಡ ಉಳಿದಿರುತ್ತದೆ, ಹಾಗೆಯೇ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ. ಸಲಕರಣೆ ಮತ್ತು ಅಭ್ಯಾಸ ಇಲ್ಲದವರು ಇದನ್ನು ವರ್ಕ್‌ಶಾಪಿಗೆ ಬಿಡುವುದು ಒಳ್ಳೆಯದು.

ಹಂತ 5: ಗಾಳಿಯ ದಾರಿ

ಏರ್ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ; ಕಾಗದದ ಫಿಲ್ಟರಿನ ಮಡಿಕೆಗಳ ನಡುವೆ ಬೆಳಕು ಕಾಣದಿದ್ದರೆ ಬದಲಿಸಿ. ಎಣ್ಣೆಯಲ್ಲಿ ತೊಯ್ದ ಫೋಮ್ ಫಿಲ್ಟರನ್ನು ತೊಳೆದ ಮೇಲೆ ಮತ್ತೆ ಎಣ್ಣೆ ಹಚ್ಚಿ ಚೆನ್ನಾಗಿ ಹಿಂಡಬೇಕು, ತೊಟ್ಟಿಕ್ಕುವಷ್ಟು ಎಣ್ಣೆ ಬಿಟ್ಟರೆ ಅದೇ ಹೊಸ ತಡೆಯಾಗುತ್ತದೆ. ಫಿಲ್ಟರ್ ತೆಗೆದುಹಾಕಿ ಓಡಿಸಿದರೆ ಗಾಡಿ ಚುರುಕಾಗುತ್ತದೆಂಬ ನಂಬಿಕೆಯನ್ನು ಮಾತ್ರ ನಾನು ಒಪ್ಪಲಾರೆ. ಹಾಗೆ ಮಾಡಿದರೆ ಮಿಶ್ರಣ ತೆಳುವಾಗಿ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿ, ಇಂಜಿನ್ ಬಿಸಿಯೇರುತ್ತದೆ, ಧೂಳು ಸಿಲಿಂಡರನ್ನು ಉಜ್ಜುತ್ತದೆ.

ಕಾರ್ಬ್ಯುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಕೊಳವೆಯನ್ನು ಕೈಯಿಂದ ಬಾಗಿಸಿ, ಬಿರುಕು ಇದೆಯೇ ನೋಡಿ. ಬಿರುಕಿನಿಂದ ಕಳ್ಳಗಾಳಿ ಒಳಗೆ ಸೇರಿದರೆ ಮಿಶ್ರಣ ತೆಳುವಾಗುತ್ತದೆ. ಜೊತೆಗೆ ಐಡಲ್ ಕೂಡ ಏರಿಳಿಯುವುದರಿಂದ ಇದನ್ನು ಗುರುತಿಸುವುದು ಕಷ್ಟವಲ್ಲ.

ಹಂತ 6: ಕಾರ್ಬ್ಯುರೇಟರ್

ಹಿಡಿಯ ಮೇಲಿನ ಗೆರೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಶೂನ್ಯದಿಂದ ಕಾಲಿನವರೆಗೆ ಪೆಟ್ರೋಲ್ ಮುಖ್ಯವಾಗಿ ಪೈಲಟ್ ಜೆಟ್‌ನಿಂದಲೂ ಸ್ಲೈಡಿನ ಓರೆಯಿಂದಲೂ ನಿಯಂತ್ರಣವಾಗುತ್ತದೆ. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ತೂಗಿಕೊಂಡಿರುವ ನೀಡಲ್‌ನದು ಅಧಿಕಾರ. ಮುಕ್ಕಾಲಿನಿಂದಾಚೆ ಮೇನ್ ಜೆಟ್‌ನದು. ಜೆಟ್ ಎಂದರೆ ಹಿತ್ತಾಳೆಯ ಸಣ್ಣ ತಿರುಪಿನ ನಡುವೆ ಕರಾರುವಾಕ್ಕಾಗಿ ಕೊರೆದ ರಂಧ್ರ, ಅಷ್ಟೇ. ಪೂರ್ತಿ ತೆರೆದಾಗ ಮಾತ್ರ ಸೋಲುವ ಗಾಡಿಯಲ್ಲಿ ಪೈಲಟ್ ಜೆಟ್ ತೊಳೆಯುತ್ತಾ ಕೂರುವುದು, ಐಡಲ್ ಸ್ಕ್ರೂ ತಿರುಗಿಸುತ್ತಾ ಕೂರುವುದು ವ್ಯರ್ಥ.

ಮೇನ್ ಜೆಟ್ ಬಿಚ್ಚಿ ಆಕಾಶಕ್ಕೆ ಹಿಡಿದು ನೋಡಿದರೆ ರಂಧ್ರ ದುಂಡಗೆ, ಅಂಚು ಸ್ವಚ್ಛವಾಗಿ ಕಾಣಬೇಕು. ತಂತಿ ತೂರಿಸಿ ಶುಚಿಮಾಡಬೇಡಿ. ಹಿತ್ತಾಳೆ ಮೆದು ಲೋಹ, ರಂಧ್ರ ಕೂದಲಿನಷ್ಟು ಹಿಗ್ಗಿದರೂ ಅಳತೆ ಕೆಟ್ಟಿತು. ಕಾರ್ಬ್ ಕ್ಲೀನರ್ ಮತ್ತು ಗಾಳಿಯ ಒತ್ತಡ ಸಾಕು. ಕಾರ್ಬ್ಯುರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನ ತಳದಲ್ಲಿ ನೀರಿನ ಗುಳ್ಳೆಗಳು ಮಣಿಗಳಂತೆ ಉರುಳುತ್ತಿವೆಯೇ ಎಂದು ನೋಡಿ. ಫ್ಲೋಟ್, ಅಂದರೆ ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ತೇಲುಗುಂಡು, ತಗ್ಗಿನಲ್ಲಿ ಕೂತಿದ್ದರೆ ಸುದೀರ್ಘ ವೇಗದಲ್ಲಿ ಬಟ್ಟಲು ಬರಿದಾಗುತ್ತದೆ. ಅದರ ಎತ್ತರವನ್ನು ಕೈಪಿಡಿಯ ಅಳತೆಗೆ ಹೋಲಿಸಿ. ಇಲ್ಲಿ ಕಣ್ಣಂದಾಜು ನಡೆಯುವುದಿಲ್ಲ.

ಡಯಾಫ್ರಾಮ್ ಇರುವ ಕಾರ್ಬ್ಯುರೇಟರುಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಂದು ಆರ್‌ಪಿಎಂನಿಂದಾಚೆ ಗಾಡಿ ಏರದಿರುವುದಕ್ಕೆ ಇದು ಬಹಳ ಸಾಮಾನ್ಯ ಕಾರಣ. ಇವುಗಳಲ್ಲಿ ಕೇಬಲ್ ತೆರೆಯುವುದು ಒಳಗಿನ ತಿರುಗುಕದವನ್ನು ಮಾತ್ರ; ನೀಡಲ್ ಹೊತ್ತ ಸ್ಲೈಡನ್ನು ಮೇಲೆತ್ತುವುದು ಇಂಜಿನ್‌ನ ಎಳೆತ. ಆ ಎಳೆತವನ್ನು ಹಿಡಿದಿಡುವುದು ಮೇಲ್ಮುಚ್ಚಳದ ಅಡಿಯ ತೆಳು ರಬ್ಬರ್ ಪೊರೆ. ಪೊರೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಸ್ಲೈಡ್ ಅರ್ಧಕ್ಕೇ ನಿಲ್ಲಬಹುದು. ಮುಚ್ಚಳದ ಸ್ಕ್ರೂಗಳನ್ನು ತೆಗೆದು, ಸ್ಪ್ರಿಂಗ್ ಹಾರಿಹೋಗದಂತೆ ಹಿಡಿದು, ಸ್ಲೈಡನ್ನು ಪೊರೆಯ ಸಮೇತ ಹೊರತೆಗೆಯಿರಿ. ಟಾರ್ಚಿನ ಬೆಳಕಿನ ಮುಂದೆ ಬೆರಳಿನಿಂದ ಮೆಲ್ಲಗೆ ಹಿಗ್ಗಿಸುತ್ತಾ ಅಂಚಿನ ಮಡಿಕೆಯುದ್ದಕ್ಕೂ ಸುತ್ತು ಬನ್ನಿ. ತೂತು ನಕ್ಷತ್ರದಂತೆ ಮಿನುಗುತ್ತದೆ. ಮಡಿಕೆಯನ್ನು ಹಿಗ್ಗಿಸದೆ ನೋಡಿದರೆ ತೂತು ಕಾಣುವುದಿಲ್ಲ. ಈ ಪೊರೆಗೆ ಕಾರ್ಬ್ ಕ್ಲೀನರ್ ತಾಗಿಸಬೇಡಿ, ರಬ್ಬರ್ ಉಬ್ಬಿ ಮತ್ತೆ ತನ್ನ ತೋಡಿನಲ್ಲಿ ಕೂರುವುದಿಲ್ಲ. ಕಾರ್ಬ್ಯುರೇಟರ್ ‘ಚೆನ್ನಾಗಿ ತೊಳೆದ’ ಮೇಲೆಯೇ ಈ ತೊಂದರೆ ಶುರುವಾಯಿತು ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಮರುಜೋಡಣೆಯಲ್ಲಿ ಪೊರೆಯ ಅಂಚು ಮುಚ್ಚಳದಡಿ ಸಿಕ್ಕಿಕೊಂಡರೂ ಫಲ ಅದೇ.

ಇಂಜೆಕ್ಷನ್ ಗಾಡಿಯಾದರೆ ಮೀಟರಿನ ಎಚ್ಚರಿಕೆ ದೀಪ ಉರಿಯುತ್ತಿದೆಯೇ ನೋಡಿ. ಸೆನ್ಸರ್ ಕೆಟ್ಟಾಗ ಗಾಡಿಯ ಕಂಪ್ಯೂಟರ್ ಇಂಜಿನ್ ಉಳಿಸಲೆಂದು ತಾನೇ ಶಕ್ತಿಯನ್ನು ಮಿತಿಗೊಳಿಸುವುದುಂಟು. ದೋಷಸಂಕೇತ ಓದಿಸದೆ ಸೆನ್ಸರ್ ಬದಲಿಸುತ್ತಾ ಹೋಗುವುದು ದುಬಾರಿ ಜೂಜು.

ಹಂತ 7: ಕಿಡಿ

ಪ್ಲಗ್ ಬಿಚ್ಚಿ ಇಂಜಿನ್‌ಗೆ ತಾಗಿಸಿ ನೀಲಿ ಕಿಡಿ ನೋಡಿ ‘ಕರೆಂಟ್ ಚೆನ್ನಾಗಿದೆ’ ಎನ್ನುವ ಪರೀಕ್ಷೆ ಸ್ಟಾರ್ಟ್ ಆಗದ ಗಾಡಿಗೆ ಸರಿ, ನಮ್ಮ ತೊಂದರೆಗೆ ಅಲ್ಲ. ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು, ಮತ್ತು ಥ್ರಾಟಲ್ ಪೂರ್ತಿ ತೆರೆದಾಗಲೇ ಆ ಒತ್ತಡ ಅತಿ ಹೆಚ್ಚು. ದುರ್ಬಲ ಕಾಯಿಲ್ ಸೋಲುವುದು ಆಗಲೇ.

ಪ್ಲಗ್ ಗ್ಯಾಪನ್ನು ಫೀಲರ್ ಗೇಜಿನಿಂದ ಅಳೆಯಿರಿ, ಸಾಮಾನ್ಯವಾಗಿ 0.6ರಿಂದ 0.9 ಮಿ.ಮೀ. ನಡುವೆ ಇರುತ್ತದೆ. ಗ್ಯಾಪ್ ಅಗಲವಾದಷ್ಟೂ ಬೇಕಾಗುವ ವೋಲ್ಟೇಜ್ ಏರುತ್ತದೆ. ಪ್ಲಗ್ ಕ್ಯಾಪಿನ ರೋಧವನ್ನು ಮಲ್ಟಿಮೀಟರಿನಿಂದ ನೋಡಿ, ಹಲವು ಕ್ಯಾಪುಗಳಲ್ಲಿ ಅದು 5 ಕಿಲೋಓಮ್ ಹತ್ತಿರ ಇರುತ್ತದೆ. ಹತ್ತಾರು ಕಿಲೋಓಮ್ ತೋರಿಸಿದರೆ ಕ್ಯಾಪ್ ಬದಲಿಸಿ. ಇಂಜಿನ್ ಅನ್ನು ಸುಮಾರು 4,000–5,000 ಆರ್‌ಪಿಎಂನಲ್ಲಿ ಓಡಿಸುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ 13.5ರಿಂದ 14.5 ವೋಲ್ಟ್ ಇರಬೇಕು.

ಪ್ಲಗ್‌ನ ಬಣ್ಣವೂ ಮಾತಾಡುತ್ತದೆ, ಆದರೆ ಸರಿಯಾದ ಕ್ಷಣದಲ್ಲಿ ಕೇಳಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಏರುದಾರಿ ಹತ್ತುತ್ತಿರುವಾಗಲೇ ಕ್ಲಚ್ ಹಿಡಿದು, ಕಿಲ್ ಸ್ವಿಚ್ಚಿನಿಂದ ಇಂಜಿನ್ ಬಂದ್ ಮಾಡಿ, ಗಾಡಿಯನ್ನು ಬದಿಗೆ ನಿಲ್ಲಿಸಿ. ಪ್ಲಗ್ ತಣಿದ ಮೇಲೆ ಬಿಚ್ಚಿ ನೋಡಿ. ಐಡಲ್‌ನಲ್ಲಿ ಎರಡು ನಿಮಿಷ ನಿಂತ ಗಾಡಿಯ ಪ್ಲಗ್ ಐಡಲ್‌ನ ಕಥೆಯನ್ನಷ್ಟೇ ಹೇಳುತ್ತದೆ. ತಿಳಿಗಂದು ಬಣ್ಣ ಸರಿ. ಒಣ ಕಪ್ಪು ಮಸಿ ಪೆಟ್ರೋಲ್ ಹೆಚ್ಚಾಗಿರುವುದನ್ನೂ, ಸುಣ್ಣದ ಬಿಳುಪು ಪೆಟ್ರೋಲ್ ಕಡಿಮೆಯಾಗಿರುವುದನ್ನೂ, ಜಿಡ್ಡು ಹೊಳಪಿನ ಕಪ್ಪು ಆಯಿಲ್ ಉರಿಯುತ್ತಿರುವುದನ್ನೂ ಸೂಚಿಸುತ್ತದೆ.

ಹಂತ 8: ಟ್ಯಾಪೆಟ್ ಮತ್ತು ಕಂಪ್ರೆಶನ್

ಟ್ಯಾಪೆಟ್ ಎಂದು ನಾವು ಕರೆಯುವುದು ವಾಲ್ವ್ ಕಾಂಡದ ತುದಿಗೂ ಅದನ್ನು ಒತ್ತುವ ಭಾಗಕ್ಕೂ (ರಾಕರ್) ನಡುವೆ ಬಿಡುವ ಸಣ್ಣ ಸಂದನ್ನು. ಅದು ತೀರ ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತದೆ, ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುವ ಅಪಾಯವೂ ಇದೆ. ಟ್ಯಾಪೆಟ್ ಸದ್ದಿಲ್ಲದ ಇಂಜಿನ್ ಒಳ್ಳೆಯ ಇಂಜಿನ್ ಎಂದು ಹೊಗಳುವವರಿದ್ದಾರೆ. ಸ್ವಲ್ಪ ಟಿಕ್‌ಟಿಕ್ ಎನ್ನುವ ಇಂಜಿನ್‌ಗಿಂತ ತೀರ ಮೌನವಾಗಿರುವುದರ ಬಗ್ಗೆ ನನಗೆ ಹೆಚ್ಚು ಅನುಮಾನ. ರಾತ್ರಿಯಿಡೀ ತಣಿದ ಇಂಜಿನ್‌ನಲ್ಲಿ, ಪಿಸ್ಟನ್ ಕಂಪ್ರೆಶನ್ ಹೊಡೆತದ ತುತ್ತತುದಿಯಲ್ಲಿರುವಾಗ ಅಳೆಯಿರಿ. ಪಿಸ್ಟನ್ ಎರಡು ಸುತ್ತಿಗೆ ಎರಡು ಸಲ ತುದಿ ಮುಟ್ಟುತ್ತದೆ. ಎರಡೂ ರಾಕರ್‌ಗಳು ಕೈಗೆ ಸಡಿಲವೆನಿಸುವ ತುದಿಯೇ ಸರಿಯಾದದ್ದು. ತಪ್ಪು ತುದಿಯಲ್ಲಿ ಹೊಂದಿಸಿದ ಟ್ಯಾಪೆಟ್‌ಗಳಿಂದಲೇ ಎಷ್ಟೋ ಗಾಡಿಗಳ ಎಳೆತ ಹೋಗಿದೆ.

ಕಂಪ್ರೆಶನ್ ಅಳೆಯುವಾಗ ಇಂಜಿನ್ ಬಿಸಿಯಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ, ಬಿಚ್ಚಿದ ಪ್ಲಗ್ ಕ್ಯಾಪಿನಲ್ಲೇ ಇದ್ದು ಅದರ ಲೋಹದ ಭಾಗ ಇಂಜಿನ್‌ಗೆ ತಾಗಿರಲಿ. ಆದರೆ ಆ ಪ್ಲಗ್ಗನ್ನು ಪ್ಲಗ್ ರಂಧ್ರದಿಂದ ದೂರವಿಡಿ, ಅಲ್ಲಿಂದ ಚಿಮ್ಮುವ ಪೆಟ್ರೋಲ್ ಆವಿಗೆ ಕಿಡಿ ತಾಗಬಾರದು. ಥ್ರಾಟಲ್ ಮುಚ್ಚಿಟ್ಟು ಅಳೆದರೆ ಒಳ್ಳೆಯ ಇಂಜಿನ್ ಕೂಡ ಸತ್ತಂತೆ ತೋರುತ್ತದೆ. ನಾಲ್ಕು ಸ್ಟ್ರೋಕ್ ಇಂಜಿನ್‌ಗಳಲ್ಲಿ 9ರಿಂದ 13 ಬಾರ್ ಸಾಮಾನ್ಯ. ಕಡಿಮೆ ಬಂದರೆ ಪ್ಲಗ್ ರಂಧ್ರದಿಂದ ಒಂದು ಟೀ ಚಮಚ, ಸುಮಾರು 5 ಮಿ.ಲೀ., ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಗಣನೀಯವಾಗಿ ಏರಿದರೆ ಪಿಸ್ಟನ್ ರಿಂಗು ಸವೆದಿದೆ. ಏರದಿದ್ದರೆ ವಾಲ್ವ್ ಸೋರುತ್ತಿದೆ. ಸ್ಟಾರ್ಟ್ ಸುಲಭವಾಗಲೆಂದು ಒತ್ತಡ ಬಿಡುವ ಡಿಕಂಪ್ರೆಸರ್ ಇರುವ ಇಂಜಿನ್‌ಗಳಲ್ಲಿ ಅಂಕಿ ಸಹಜವಾಗಿಯೇ ಕಡಿಮೆ ಬರುತ್ತದೆ. ಕಂಪ್ರೆಶನ್ ಸರಿಯಿದ್ದೂ ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಸೋಲುವ ಹಳೆಯ ಇಂಜಿನ್‌ನಲ್ಲಿ ವಾಲ್ವ್ ಸ್ಪ್ರಿಂಗ್ ಬಳಲಿರಬಹುದು, ಟೈಮಿಂಗ್ ಚೈನ್ ಒಂದು ಹಲ್ಲು ಜಾರಿರಬಹುದು; ಇವು ಇಂಜಿನ್ ಬಿಚ್ಚುವ ಕೆಲಸಗಳು.

ಹಂತ 9: ಸೈಲೆನ್ಸರ್

ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರಲಾರದು. ಬಹಳ ದಿನ ನಿಂತಿದ್ದ ಗಾಡಿಯ ಸೈಲೆನ್ಸರಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು, ಇಲಿ ಚಿಂದಿ ತುಂಬಿರಬಹುದು. ತಣ್ಣಗಿರುವ ಸೈಲೆನ್ಸರನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಒಳಗೆ ಗಲಗಲ ಸದ್ದಾದರೆ ಒಳತಗಡು ಅಥವಾ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆ ಶುದ್ಧಿಮಾಡುವ ಜೇನುಗೂಡಿನಂಥ ಭಾಗ, ಮುರಿದು ದಾರಿಗೆ ಅಡ್ಡ ಬಿದ್ದಿದೆ. ಎರಡು ಸ್ಟ್ರೋಕ್ ಗಾಡಿಗಳಲ್ಲಂತೂ ಇಂಗಾಲ ಕಟ್ಟುವುದೇ ಮೊದಲ ಅನುಮಾನ. ಅವುಗಳಿಗೆ ಈ ಹಂತವನ್ನು ಹಂತ 4ಕ್ಕಿಂತ ಮೊದಲೇ ಮಾಡಿ. ಇನ್ನು ಹೆಚ್ಚು ಸದ್ದಿನ ಬೇರೆ ಸೈಲೆನ್ಸರ್ ಹಾಕಿಸಿದ ಮೇಲೆ ಮೇಲಿನ ವೇಗ ಕುಗ್ಗಿದ್ದರೆ ಮಿಶ್ರಣ ತೆಳುವಾಗಿರುವ ಸಾಧ್ಯತೆ ಇದೆ. ಹಳೆಯ ಸೈಲೆನ್ಸರನ್ನು ಮತ್ತೆ ಕೂರಿಸಿ ಓಡಿಸಿ ನೋಡುವುದೇ ಅದಕ್ಕೆ ಅತ್ಯಂತ ಅಗ್ಗದ ಪರೀಕ್ಷೆ.

ಹಂತ 10: ಗಾಡಿಯಲ್ಲಿ ದೋಷವೇ ಇಲ್ಲದಿದ್ದರೆ

ಸಮುದ್ರಮಟ್ಟದಿಂದ 1,000 ಮೀಟರ್ ಏರಿದಂತೆ ಗಾಳಿಯ ಸಾಂದ್ರತೆ ಸುಮಾರು ಶೇ. 10ರಷ್ಟು ಇಳಿಯುತ್ತದೆ, ಇಂಜಿನ್‌ನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಎದುರುಗಾಳಿ, ಹಿಂದಿನ ಸವಾರ, ಅಗಲವಾದ ಪೆಟ್ಟಿಗೆಗಳು ಸೇರಿದರೆ ಸಣ್ಣ ಇಂಜಿನ್ ಮೇಲಿನ ಗೇರಿನಲ್ಲಿ ಸೋಲುವುದು ಸಹಜ. ಸ್ಪ್ರಾಕೆಟ್ ಬದಲಿಸಿದ್ದರೆ ಹಲ್ಲುಗಳನ್ನು ಎಣಿಸಿ ಕೈಪಿಡಿಗೆ ಹೋಲಿಸಿ. ಗೆಳೆಯರ ಗಾಡಿಯ ಸ್ಪೀಡೋಮೀಟರಿಗೆ ನಿಮ್ಮದನ್ನು ಹೋಲಿಸಬೇಡಿ. ಎರಡನ್ನೂ ಜಿಪಿಎಸ್‌ನಿಂದ ಅಳೆದು ಹೋಲಿಸಿ.

ದೋಷ ಸಿಕ್ಕಿ ಸರಿಪಡಿಸಿದ ಮೇಲೆ ಹಂತ 1ರ ಸವಾರಿಯನ್ನು ಅದೇ ರಸ್ತೆಯಲ್ಲಿ, ಅದೇ ದಿಕ್ಕಿನಲ್ಲಿ, ಅಷ್ಟೇ ಭಾರದೊಂದಿಗೆ ಮತ್ತೊಮ್ಮೆ ಮಾಡಿ, ನೋಟ್‌ಬುಕ್ಕಿನ ಹಳೆಯ ಉತ್ತರಗಳ ಪಕ್ಕದಲ್ಲೇ ಹೊಸದನ್ನು ಬರೆಯಿರಿ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಪ್ರತಿ ಬದಲಾವಣೆಯ ನಂತರವೂ ಈ ಸವಾರಿ ಮಾಡಿ. ಎಲ್ಲ ಹಂತ ಮುಗಿದರೂ ಕಾರಣ ಸಿಗದಿದ್ದರೆ ಆ ಪುಟವನ್ನೇ ಮೆಕ್ಯಾನಿಕ್ ಕೈಗೆ ಕೊಡಿ. ‘ಪಿಕಪ್ ಇಲ್ಲ’ ಎಂದಷ್ಟೇ ಹೇಳಿದರೆ ಅವರೂ ಪ್ಲಗ್ ಬದಲಿಸುವುದರಿಂದಲೇ ಶುರುಮಾಡುತ್ತಾರೆ. ‘ಎಲ್ಲ ಗೇರಿನಲ್ಲೂ 6,000ಕ್ಕೆ ನಿಲ್ಲುತ್ತದೆ, ಪೆಟ್ರೋಲ್ ಹರಿವು ನಿಮಿಷಕ್ಕೆ 220 ಮಿ.ಲೀ., ಕಂಪ್ರೆಶನ್ 11 ಬಾರ್’ ಎಂದರೆ ನೇರವಾಗಿ ಡಯಾಫ್ರಾಮ್ ಮತ್ತು ಪಲ್ಸರ್ ಕಾಯಿಲ್‌ಗೆ ಕೈಹಾಕುತ್ತಾರೆ.